ಇಮೇಲ್, ಓಟಿಪಿ, ಗೂಗಲ್, ಪಾಸ್‌ಕೀ: ನಿಮ್ಮ ವೆಬ್‌ಸೈಟಿಗೆ ಯಾವುದು ಸರಿ?

ಪುಸ್ತಕ ಮಾರುವ ಪ್ರಕಾಶಕರು, ಸಾವಯವ ಬೆಳೆಗಾರರ ಗುಂಪು, ಹಳೆ ವಿದ್ಯಾರ್ಥಿಗಳ ಸಂಘ, ವಧೂವರರ ತಾಣ. ಯಾರೇ ವೆಬ್‌ಸೈಟ್ ಶುರು ಮಾಡಲಿ, ಒಂದು ಹಂತದಲ್ಲಿ ಇದೇ ಪ್ರಶ್ನೆ ಎದುರಾಗುತ್ತದೆ. ಹೊಸಬರು ಖಾತೆ ತೆರೆಯುವಾಗ ಏನೇನು ಕೇಳಬೇಕು? ಜಾಸ್ತಿ ಕೇಳಿದರೆ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಏನೂ ಕೇಳದಿದ್ದರೆ ನಕಲಿ ಖಾತೆಗಳು ತುಂಬಿಕೊಳ್ಳುತ್ತವೆ.

ಹೆಚ್ಚಿನವರು ಪಕ್ಕದ ಸೈಟ್ ನೋಡಿ ಅದನ್ನೇ ನಕಲು ಮಾಡುತ್ತಾರೆ. ದೊಡ್ಡ ಕಂಪನಿ ಓಟಿಪಿ ಕೇಳುತ್ತದೆ, ನಾವೂ ಕೇಳೋಣ ಅಂತ. ಇದು ಬೇಡ. ಮೊದಲು ಕೇಳಿಕೊಳ್ಳಬೇಕಾದ್ದು ಬೇರೆಯೇ ಇದೆ: ನಿಮ್ಮಲ್ಲಿ ಒಂದು ಸುಳ್ಳು ಖಾತೆ ಹುಟ್ಟಿಕೊಂಡರೆ ನಷ್ಟ ಯಾರಿಗೆ, ಎಷ್ಟು, ಯಾವ ಹಂತದಲ್ಲಿ?

ಮೊದಲೇ ಹಣ ಕಟ್ಟಿಸಿಕೊಳ್ಳುವ ಪುಸ್ತಕದಂಗಡಿಗೆ ಸುಳ್ಳು ಖಾತೆಯಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ದುಡ್ಡು ಬಂದಿದೆ, ಪುಸ್ತಕ ಕಳಿಸಿದರಾಯಿತು. ಅದೇ ಅಂಗಡಿ ಕ್ಯಾಶ್ ಆನ್ ಡೆಲಿವರಿ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಸುಳ್ಳು ನಂಬರಿಗೆ ಹೋದ ಪಾರ್ಸೆಲ್ ವಾಪಸ್ ಬಂದಾಗ ಎರಡೂ ಕಡೆಯ ಕೊರಿಯರ್ ಖರ್ಚು ಅಂಗಡಿಯವರ ತಲೆ ಮೇಲೆ. ವಧೂವರರ ತಾಣದಲ್ಲಿ ಮಾತ್ರ ನಷ್ಟ ಹಣದ್ದಲ್ಲ. ಒಬ್ಬ ಹೆಣ್ಣುಮಗಳ ಫೋಟೋ, ಫೋನ್ ನಂಬರ್ ಯಾರದೋ ಕೈ ಸೇರುತ್ತದೆ. ಮೂರಕ್ಕೂ ಒಂದೇ ಫಾರ್ಮ್ ಹಾಕಲು ಹೇಗೆ ಸಾಧ್ಯ?

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಪರಿಶೀಲನೆ ಅಂದರೆ ಮೂರು ಬೇರೆಬೇರೆ ಕೆಲಸ. ಬಂದಿರುವುದು ಮನುಷ್ಯನೋ ಬಾಟೋ (ತಾನಾಗಿಯೇ ಫಾರ್ಮ್ ತುಂಬುವ ಪ್ರೋಗ್ರಾಂ) ಎಂದು ನೋಡುವುದು ಒಂದು. ಕೊಟ್ಟ ಇಮೇಲ್ ಅಥವಾ ನಂಬರ್ ಅವರದ್ದೇ ಹೌದಾ ಎಂದು ನೋಡುವುದು ಎರಡನೆಯದು. ಆ ವ್ಯಕ್ತಿ ನಿಜಕ್ಕೂ ಯಾರು ಎಂದು ತಿಳಿಯುವುದು ಮೂರನೆಯದು. ಓಟಿಪಿ ಹಾಕಿದ್ದೇವೆ, ಇನ್ನು ಸುಳ್ಳು ಹೆಸರು ಬರಲ್ಲ ಎಂದು ನಂಬಿ ಕೂತವರನ್ನು ಕಂಡಿದ್ದೇನೆ. ಓಟಿಪಿ ಹೇಳುವುದು ಆ ಸಿಮ್ ಅವರ ಕೈಯಲ್ಲಿದೆ ಎಂದಷ್ಟೇ. ಹೆಸರು, ವಯಸ್ಸು, ಮದುವೆಯಾಗಿದೆಯೋ ಇಲ್ಲವೋ, ಇದ್ಯಾವುದನ್ನೂ ಅದು ಹೇಳುವುದಿಲ್ಲ.

ಎಸ್‌ಎಂಎಸ್ ಓಟಿಪಿ

ನಮ್ಮಲ್ಲಿ ಎಲ್ಲರಿಗೂ ಅಭ್ಯಾಸವಾಗಿರುವುದು ಇದೇ. ಇಮೇಲ್ ವಿಳಾಸ ನೆನಪಿಲ್ಲದವರಿಗೂ ಫೋನ್ ನಂಬರ್ ಬಾಯಲ್ಲೇ ಇರುತ್ತದೆ. ಪಾಸ್‌ವರ್ಡ್ ನೆನಪಿಡುವ ಕಷ್ಟವಿಲ್ಲ. ಬಳಸುವವರ ಕಡೆಯಿಂದ ನೋಡಿದರೆ ಸುಲಭಕ್ಕೆ ಪೂರ್ತಿ ಅಂಕ.

ನಡೆಸುವವರ ಕಡೆಯಿಂದ ನೋಡಿದರೆ ಅಷ್ಟು ಸುಲಭವಲ್ಲ. ಭಾರತದಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ವ್ಯಾಪಾರದ ಎಸ್‌ಎಂಎಸ್ ಕಳಿಸುವವರು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಸಂಸ್ಥೆ, ಕಳಿಸಿದವರ ಹೆಸರಾಗಿ ಕಾಣುವ ಹೆಡರ್, ಸಂದೇಶದ ಟೆಂಪ್ಲೇಟ್ (ಮೊದಲೇ ಗೊತ್ತುಮಾಡಿದ ಒಕ್ಕಣೆ), ಮೂರೂ ಅಲ್ಲಿ ಒಪ್ಪಿಗೆ ಪಡೆದಿರಬೇಕು. ಕಳಿಸುವ ಸಂದೇಶ ಟೆಂಪ್ಲೇಟಿಗೆ ಹೊಂದದಿದ್ದರೆ ದಾರಿಯಲ್ಲೇ ನಿಲ್ಲುತ್ತದೆ. ಕಾಗದಪತ್ರ ಇರುವ ಕಂಪನಿಗೆ ಇದು ಆಗುವ ಕೆಲಸ. ನಾಲ್ಕು ಜನ ಗೆಳೆಯರು ಸೇರಿ ನಡೆಸುವ ಸಾಹಿತ್ಯದ ತಾಣಕ್ಕೆ ದೊಡ್ಡ ತಲೆನೋವು.

ಕನ್ನಡದಲ್ಲೇ ಓಟಿಪಿ ಕಳಿಸಬೇಕು ಎನ್ನುವವರು ಇನ್ನೊಂದು ಲೆಕ್ಕ ತಿಳಿದಿರಬೇಕು. ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡ ಯೂನಿಕೋಡ್ ಆದ್ದರಿಂದ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬಿಡಿಬಿಡಿಯಾಗಿ ಎಣಿಕೆಯಾಗುತ್ತವೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ 6. ಎಪ್ಪತ್ತು ದಾಟಿದರೆ ಎರಡು ಎಸ್‌ಎಂಎಸ್‌ನ ದರ. ಹಾಗಂತ ಕನ್ನಡ ಬಿಡಬೇಕಿಲ್ಲ. ‘482913 ನಿಮ್ಮ ಓಟಿಪಿ. 10 ನಿಮಿಷ ಇರುತ್ತದೆ. ಯಾರಿಗೂ ಹೇಳಬೇಡಿ.’ ಇದು 54ಕ್ಕೆ ಮುಗಿಯುತ್ತದೆ. ಸೈಟಿನ ಹೆಸರಿಗೆ ಇನ್ನೂ 16 ಉಳಿಯಿತು. ಅಂಕಿಯನ್ನು ಮೊದಲಿಗೆ ಇಟ್ಟಿರುವುದು ಬೇಕೆಂದೇ. ಸಂದೇಶ ತೆರೆಯದೆ, ಪರದೆಯ ಮೇಲಿನ ನೋಟಿಫಿಕೇಶನ್‌ನಲ್ಲೇ ಓದಿಕೊಳ್ಳಬಹುದು.

ಓಟಿಪಿ ಬಾಕ್ಸ್ ಬಗ್ಗೆಯೂ ಗಮನ ಬೇಕು. ಅದಕ್ಕೆ ಅಂಕಿಯ ಕೀಬೋರ್ಡ್ ಬರುವಂತೆ ಮಾಡಿ. ಇಲ್ಲದಿದ್ದರೆ ಕನ್ನಡ ಕೀಬೋರ್ಡ್ ಇಟ್ಟುಕೊಂಡವರು ‘೪೮೨೯೧೩’ ಎಂದು ಹೊಡೆಯಬಹುದು, ನಿಮ್ಮ ಸರ್ವರ್ ತಪ್ಪು ಎನ್ನುತ್ತದೆ. ಕನ್ನಡ ಅಂಕಿಯನ್ನೂ ಒಪ್ಪಿಕೊಳ್ಳುವಂತೆ ಬರೆಯುವುದು ಒಂದೆರಡು ಸಾಲಿನ ಕೆಲಸ. ಬಾಕ್ಸಿನ ಆಟೋಕಂಪ್ಲೀಟ್‌ಗೆ ‘ಒನ್-ಟೈಮ್-ಕೋಡ್’ ಎಂದು ಕೊಟ್ಟರೆ ಐಫೋನಿನಲ್ಲಿ ಬಂದ ಅಂಕಿ ಕೀಬೋರ್ಡಿನ ಮೇಲೇ ಕಾಣಿಸುತ್ತದೆ, ಒತ್ತಿದರೆ ತುಂಬಿಕೊಳ್ಳುತ್ತದೆ. ಆರು ಅಂಕಿಗೆ ಆರು ಬೇರೆ ಬಾಕ್ಸ್ ಮಾಡುವ ಚಂದದ ಹುಚ್ಚು ಬೇಡ. ಪೇಸ್ಟ್ ಮಾಡಲು ಹೋದವರಿಗೆ ಮೊದಲ ಅಂಕಿ ಮಾತ್ರ ಸೇರುವ ಸೈಟುಗಳು ಇವತ್ತಿಗೂ ಇವೆ.

ಇನ್ನು ಓಟಿಪಿ ಯಾರನ್ನು ಹೊರಗಿಡುತ್ತದೆ ಎಂದು ನೋಡಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಫೈಬರ್ ಇಂಟರ್‌ನೆಟ್ ಇದೆ, ವಿಡಿಯೋ ಕಾಲ್ ಚೆನ್ನಾಗಿಯೇ ಬರುತ್ತದೆ, ಮೊಬೈಲ್ ಸಿಗ್ನಲ್ ಮಾತ್ರ ಇಲ್ಲ. ಎಸ್‌ಎಂಎಸ್ ಬೇಕೆಂದರೆ ಗುಡ್ಡ ಹತ್ತಬೇಕು, ಇಲ್ಲ ರಸ್ತೆಗೆ ಬರಬೇಕು. ಅಷ್ಟರಲ್ಲಿ ಎರಡು ನಿಮಿಷದ ಓಟಿಪಿ ಸತ್ತಿರುತ್ತದೆ. ದುಬೈಯಲ್ಲಿರುವ, ಅಮೆರಿಕದಲ್ಲಿರುವ ಕನ್ನಡಿಗರ ಕಥೆ ಬೇರೆ: +91 ಬಿಟ್ಟು ಬೇರೇನೂ ತೆಗೆದುಕೊಳ್ಳದ ಫಾರ್ಮ್ ಎದುರು ಅವರು ಅಲ್ಲೇ ನಿಂತುಬಿಡುತ್ತಾರೆ. ಕನ್ನಡ ಪುಸ್ತಕಕ್ಕೆ, ಕನ್ನಡ ಕಲಿಕೆಯ ತರಗತಿಗೆ ಹಣ ಕೊಡಲು ಸಿದ್ಧರಿರುವವರಲ್ಲಿ ಇವರೂ ಇದ್ದಾರೆ, ನೆನಪಿರಲಿ. ಮನೆಗೊಂದೇ ಫೋನ್ ಇದ್ದು ಅದು ಗಂಡಸರ ಜೇಬಿನಲ್ಲಿರುವ ಕಡೆ, ಹೆಂಗಸರ ಖಾತೆಗೆ ಓಟಿಪಿ ಹೋಗುವುದು ಮಗನಿಗೋ ಗಂಡನಿಗೋ.

ನಂಬರ್ ಶಾಶ್ವತವೂ ಅಲ್ಲ. ಬಳಕೆ ನಿಂತ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಓಟಿಪಿಯೊಂದೇ ಕೀಲಿಯಾದ ಸೈಟಿನಲ್ಲಿ ಹೊಸ ಸಿಮ್ ಕೊಂಡವರು ಹಳಬರ ಖಾತೆಯೊಳಗೆ ನೇರ ಕಾಲಿಡುತ್ತಾರೆ. ಬೇರೆಯವರ ನಂಬರಿಗೆ ತಾವು ಹೊಸ ಸಿಮ್ ಪಡೆದು ಮೋಸ ಮಾಡುವ ದಂಧೆ ಬೇರೆ ಇದೆ. ಅಮೆರಿಕದ ಗುಣಮಟ್ಟ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲೇ ಎಸ್‌ಎಂಎಸ್ ಓಟಿಪಿಯನ್ನು ಎಚ್ಚರಿಕೆಯಿಂದ ಬಳಸಬೇಕಾದ, ನಿರ್ಬಂಧಿತ ವಿಧಾನ ಎಂದು ಗುರುತಿಸಿತ್ತು.

ಓಟಿಪಿಯನ್ನೇ ಆರಿಸಿದರೆ ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಒಂದೇ ನಂಬರಿಗೆ ನಿಮಿಷಕ್ಕೊಂದು, ಗಂಟೆಗೆ ಇಂತಿಷ್ಟೇ ಎಂದು ಮಿತಿ ಹಾಕಿ. ಮಿತಿಯಿಲ್ಲದ ಓಟಿಪಿ ಫಾರ್ಮುಗಳನ್ನು ಹುಡುಕಿ, ಅವುಗಳಿಂದ ಒಬ್ಬರ ಫೋನಿಗೆ ನೂರಾರು ಸಂದೇಶ ಸುರಿಸಿ ಕಾಟ ಕೊಡುವ ‘ಎಸ್‌ಎಂಎಸ್ ಬಾಂಬರ್’ ಆಟ ನಮ್ಮಲ್ಲಿ ಜೋರಾಗಿದೆ. ಕಾಟ ಅವರಿಗೆ, ಬಿಲ್ ನಿಮಗೆ.

ಇಮೇಲ್: ಲಿಂಕ್ ಕಳಿಸಬೇಕೋ, ಅಂಕಿ ಕಳಿಸಬೇಕೋ

ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಗುಡ್ಡ ಹತ್ತಬೇಕಿಲ್ಲ, ದೇಶದ ಗಡಿಯಿಲ್ಲ, ನಂಬರ್ ಬದಲಾದರೂ ವಿಳಾಸ ಉಳಿಯುತ್ತದೆ. ಚಿಕ್ಕ ಸೈಟಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ಫೋನಿಗೆ ಗೂಗಲ್ ಖಾತೆ ಹಾಕಿಕೊಟ್ಟವರು ಅಂಗಡಿಯ ಹುಡುಗನೋ ಮೊಮ್ಮಗಳೋ ಆಗಿರುವಾಗ, ಅದರ ವಿಳಾಸ ಏನೆಂದು ಗೊತ್ತೇ ಇಲ್ಲದವರು ಬಹಳ ಜನ. ರೈತರಿಗೆ, ಹಿರಿಯರಿಗೆ ಮಾಡುವ ಸೈಟಿನಲ್ಲಿ ಇಮೇಲ್ ಮಾತ್ರ ಸಾಲುವುದಿಲ್ಲ.

‘ಇಲ್ಲಿ ಒತ್ತಿ’ ಎನ್ನುವ ಲಿಂಕಿಗಿಂತ ಆರು ಅಂಕಿ ಕಳಿಸುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ. ಕಾರಣ ಇದೆ. ಲ್ಯಾಪ್‌ಟಾಪಿನಲ್ಲಿ ಫಾರ್ಮ್ ತುಂಬುತ್ತಿದ್ದವರು ಮೇಲ್ ನೋಡುವುದು ಫೋನಿನಲ್ಲಿ. ಲಿಂಕ್ ಒತ್ತಿದರೆ ಖಾತೆ ಫೋನಿನಲ್ಲಿ ತೆರೆದುಕೊಳ್ಳುತ್ತದೆ, ಲ್ಯಾಪ್‌ಟಾಪ್ ಹಾಗೇ ಕಾಯುತ್ತಿರುತ್ತದೆ. ಕಚೇರಿಯ ಮೇಲ್‌ಗಳಲ್ಲಿ ಇನ್ನೊಂದು ಫಜೀತಿ. ವೈರಸ್ ಇದೆಯೇ ಎಂದು ನೋಡಲು ಕಚೇರಿಯ ಸುರಕ್ಷತಾ ಸಾಫ್ಟ್‌ವೇರ್ ಲಿಂಕನ್ನು ತಾನೇ ಮೊದಲು ತೆರೆದು ನೋಡುತ್ತದೆ. ಒಂದೇ ಸಲ ಕೆಲಸ ಮಾಡುವ ಲಿಂಕ್ ಅಲ್ಲಿಗೆ ಮುಗಿಯಿತು. ಆಮೇಲೆ ಮನುಷ್ಯ ಒತ್ತಿದಾಗ ‘ಈ ಲಿಂಕ್ ಅವಧಿ ಮುಗಿದಿದೆ’ ಎಂದು ಬರುತ್ತದೆ. ಅವರು ನಿಮ್ಮ ಸೈಟೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಲಿಂಕೇ ಬೇಕೆಂದರೆ, ತೆರೆದ ಪುಟದಲ್ಲಿ ‘ಹೌದು, ಇದು ನನ್ನ ವಿಳಾಸ’ ಎಂಬ ಬಟನ್ ಇಟ್ಟು, ಅದನ್ನು ಒತ್ತಿದ ಮೇಲೆ ಖಚಿತಪಡಿಸಿಕೊಳ್ಳಿ.

ಮೇಲ್ ಸ್ಪ್ಯಾಮಿಗೆ ಬಿದ್ದರೆ ಇಷ್ಟೆಲ್ಲ ಮಾಡಿಯೂ ದಂಡ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಎಂದು ತೋರಿಸುವ ಮೂರು ದಾಖಲೆಗಳನ್ನು ನಿಮ್ಮ ಡೊಮೇನಿಗೆ ಹಾಕಿಸಿ. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಮೂರನ್ನೂ ಕಡ್ಡಾಯ ಮಾಡಿದೆ. ಕಡಿಮೆ ಕಳಿಸುವವರಿಗೂ ಇದರಿಂದ ಒಳ್ಳೆಯದೇ.

ಅಂದಹಾಗೆ, ವಿಳಾಸ ಖಚಿತವಾಗುವವರೆಗೆ ಒಳಗೆ ಬಿಡಲೇಬಾರದು ಎಂದೇನಿಲ್ಲ. ಪುಸ್ತಕ ನೋಡಲಿ, ಬುಟ್ಟಿಗೆ ಹಾಕಿಕೊಳ್ಳಲಿ. ಬೇರೆಯವರಿಗೆ ಸಂದೇಶ ಕಳಿಸುವಾಗ, ಬರೆದದ್ದನ್ನು ಪ್ರಕಟಿಸುವಾಗ ಕೇಳಿದರಾಯಿತು. ವಿಕಿಪೀಡಿಯ ನಡೆಯುವುದು ಈ ದಾರಿಯಲ್ಲೇ. ಅಲ್ಲಿ ಖಾತೆ ತೆರೆಯಲು ಇಮೇಲ್ ಕಡ್ಡಾಯವಲ್ಲ. ಆದರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆಗೆ 4 ದಿನ ತುಂಬಿ 10 ತಿದ್ದುಪಡಿ ಆಗುವವರೆಗೆ ಹೊಸ ಲೇಖನವನ್ನು ನೇರವಾಗಿ ಹಾಕಲು ಬಿಡುವುದಿಲ್ಲ. ಒಳಗೆ ಬರುವುದು ಸುಲಭ, ಹಾನಿ ಮಾಡುವುದು ಕಷ್ಟ. ಇಡೀ ವಿಷಯದಲ್ಲಿ ನನಗೆ ತುಂಬ ಸರಿ ಅನ್ನಿಸುವ ದಾರಿ ಇದು.

‘ಗೂಗಲ್ ಮೂಲಕ ಮುಂದುವರಿಯಿರಿ’

ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಖಾತೆ ಹೇಗೂ ಇರುತ್ತದೆ. ಒಂದು ಒತ್ತು, ಮುಗಿಯಿತು. ಹೆಸರು, ಖಚಿತಪಟ್ಟ ಇಮೇಲ್ ಎರಡೂ ನಿಮಗೆ ಸಿಗುತ್ತವೆ. ತಮ್ಮ ವಿಳಾಸ ಏನೆಂದು ಗೊತ್ತಿಲ್ಲದವರಿಗೂ ಇದು ಆಗುತ್ತದೆ. ಇಮೇಲ್ ಅಂಕಿಯ ಜೊತೆಗೆ ಇದನ್ನು ಇಡಿ. ಇದೊಂದನ್ನೇ ಇಡಬೇಡಿ, ಯಾಕೆಂದರೆ ಅವರ ಗೂಗಲ್ ಖಾತೆ ಲಾಕ್ ಆದ ದಿನ ನಿಮ್ಮ ಸೈಟಿನ ಬಾಗಿಲೂ ಮುಚ್ಚುತ್ತದೆ. ಇನ್‌ಸ್ಟಾಗ್ರಾಂ ಜಾಹೀರಾತಿನಿಂದ ಬರುವವರಿಗೂ ತೊಂದರೆ ಆಗಬಹುದು. ಅಲ್ಲಿ ಲಿಂಕ್ ತೆರೆದುಕೊಳ್ಳುವುದು ಆ್ಯಪ್ ಒಳಗಿನ ಬ್ರೌಸರಿನಲ್ಲಿ, ಅಂಥ ಬ್ರೌಸರಿನಲ್ಲಿ ಲಾಗಿನ್ ಆಗಲು ಗೂಗಲ್ ಬಿಡುವುದಿಲ್ಲ.

ಸೈಟ್ ಕಟ್ಟಿಕೊಡುವವರಿಗೆ ಒಂದು ಮಾತು. 2022ರಲ್ಲಿ ಅವಿನಾಶ್ ಸುಧೋದನನ್ ಮತ್ತು ಆಂಡ್ರೂ ಪೇವರ್ಡ್ ಎಂಬ ಸಂಶೋಧಕರು 75 ಹೆಸರಾಂತ ಸೇವೆಗಳನ್ನು ಪರೀಕ್ಷಿಸಿದರು. ಕನಿಷ್ಠ 35ರಲ್ಲಿ ಒಂದು ಬಗೆಯ ದೋಷ ಸಿಕ್ಕಿತು. ಅದರ ಒಂದು ರೂಪ ಹೀಗೆ: ಮೋಸಗಾರ ನಿಮ್ಮ ಇಮೇಲ್ ಹಾಕಿ, ತನ್ನದೊಂದು ಪಾಸ್‌ವರ್ಡ್ ಇಟ್ಟು ಮೊದಲೇ ಖಾತೆ ತೆರೆದಿಡುತ್ತಾನೆ. ವಿಳಾಸವನ್ನು ಸೈಟ್ ಖಚಿತಪಡಿಸಿಕೊಂಡಿರುವುದಿಲ್ಲ. ತಿಂಗಳ ನಂತರ ನೀವು ಗೂಗಲ್ ಮೂಲಕ ಬರುತ್ತೀರಿ. ಇಮೇಲ್ ಒಂದೇ ಎಂದು ಸೈಟ್ ಎರಡನ್ನೂ ಸೇರಿಸುತ್ತದೆ. ಈಗ ನಿಮ್ಮ ಖಾತೆಗೆ ಅವನ ಪಾಸ್‌ವರ್ಡೂ ನಡೆಯುತ್ತದೆ. ಹಾಗಾಗಿ ಖಚಿತಪಡದ ಖಾತೆಗೆ ಗೂಗಲ್ ಲಾಗಿನ್ ಜೋಡಿಸುವಾಗ ಹಳೆಯ ಪಾಸ್‌ವರ್ಡನ್ನೂ ಹಳೆಯ ಲಾಗಿನ್‌ಗಳನ್ನೂ ಅಳಿಸಿಹಾಕಿ.

ಪಾಸ್‌ವರ್ಡ್ ಮತ್ತು ಪಾಸ್‌ಕೀ

ಪಾಸ್‌ವರ್ಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ’ ಎನ್ನುವ ನಿಯಮವನ್ನು ನಿಸ್ಟ್ 2017ರಲ್ಲೇ ಬೇಡವೆಂದಿದೆ. ಉದ್ದ ಇರಲಿ, ಈಗಾಗಲೇ ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಇದ್ದರೆ ಬೇಡ ಅನ್ನಿ, ಎರಡೆರಡು ಸಲ ಟೈಪ್ ಮಾಡಿಸುವ ಬದಲು ಕಣ್ಣಿನ ಗುರುತು ಕೊಟ್ಟು ತೋರಿಸಿ. ಅಷ್ಟು ಸಾಕು.

ಪಾಸ್‌ಕೀ ಮಾತ್ರ ನಿಜವಾಗಿಯೂ ಹೊಸದು. ಪಾಸ್‌ವರ್ಡ್ ಬದಲಿಗೆ ಫೋನ್ ತಾನೇ ಇಟ್ಟುಕೊಳ್ಳುವ ಗುಟ್ಟಿನ ಕೀಲಿ ಇದು. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ 2022ರ ಮೇ ತಿಂಗಳಲ್ಲಿ ಇದನ್ನು ಒಟ್ಟಾಗಿ ಬೆಂಬಲಿಸುವುದಾಗಿ ಹೇಳಿದವು. ಫೋನ್ ತೆರೆಯಲು ಬಳಸುವ ಬೆರಳಚ್ಚು ಅಥವಾ ಪಿನ್ನಿನಿಂದಲೇ ಲಾಗಿನ್ ಆಗುತ್ತದೆ. ಬೆರಳಚ್ಚು ನಿಮ್ಮ ಸರ್ವರಿಗೆ ಬರುವುದಿಲ್ಲ, ಗುಟ್ಟಿನ ಕೀಲಿಯೂ ಬರುವುದಿಲ್ಲ. ಅದು ನಿಮ್ಮ ಡೊಮೇನಿಗೆ ಮಾತ್ರ ಕೆಲಸ ಮಾಡುವುದರಿಂದ ನಕಲಿ ಸೈಟಿನಲ್ಲಿ ಜನ ಮೋಸಹೋಗಲು ಆಗುವುದೇ ಇಲ್ಲ. ಫೋನ್ ಕರೆ ಮಾಡಿ ಓಟಿಪಿ ಕೇಳಿ ದೋಚುವವರಿಗೂ ಇಲ್ಲಿ ಕೇಳಲು ಏನೂ ಇಲ್ಲ. ಸುಲಭ, ಸುರಕ್ಷೆ ಎರಡೂ ಒಟ್ಟಿಗೆ ಸಿಗುವ ಅಪರೂಪದ ಜಾಗ ಇದು. ಆದರೆ ಖಾತೆ ತೆರೆಯುವ ಮೊದಲ ಪುಟದಲ್ಲೇ ಕೇಳಿದರೆ ಜನ ಗಾಬರಿಯಾಗುತ್ತಾರೆ. ಇಮೇಲ್ ಅಥವಾ ಓಟಿಪಿಯಿಂದ ಒಳಗೆ ಬರಲಿ. ಎರಡನೇ ಸಲ ಬಂದಾಗ ‘ಮುಂದಿನ ಸಲ ಬೆರಳಚ್ಚಿನಿಂದಲೇ ಬರಬಹುದು, ಹಾಕಿಕೊಡಲಾ?’ ಎಂದು ಕೇಳಿ. ಫೋನ್ ಕಳೆದಾಗ ವಾಪಸ್ ಬರುವ ದಾರಿಯನ್ನೂ ಇಡಿ. ಆ ದಾರಿ ಸಡಿಲವಾಗಿದ್ದರೆ ಉಳಿದದ್ದೆಲ್ಲ ಬಿಗಿಯಿದ್ದೂ ಪ್ರಯೋಜನವಿಲ್ಲ. ಹೆಸರು, ಹುಟ್ಟಿದ ದಿನ ಹೇಳಿದ ಕೂಡಲೇ ನಂಬರ್ ಬದಲಿಸಿಕೊಡುವ ಸಹಾಯವಾಣಿ ಇದ್ದರೆ ಮೋಸಗಾರ ಅಲ್ಲಿಗೇ ಫೋನ್ ಮಾಡುತ್ತಾನೆ.

ಕ್ಯಾಪ್ಚಾ

ಬಾಟ್ ತಡೆಯಲು ಟ್ರಾಫಿಕ್ ದೀಪ ಹುಡುಕಿಸುವ ಒಗಟನ್ನು ಎಲ್ಲರ ಮುಂದೆ ಇಡಬೇಡಿ. ಕಣ್ಣು ಕಾಣದವರಿಗೆ ಅದು ಗೋಡೆ. ಮೊದಲು ಮರೆಯ ಉಪಾಯ ನೋಡಿ: ಮನುಷ್ಯರ ಕಣ್ಣಿಗೆ ಬೀಳದ ಒಂದು ಖಾಲಿ ಬಾಕ್ಸ್ ಫಾರ್ಮಿನಲ್ಲಿರಲಿ, ಅದನ್ನೂ ತುಂಬಿಬಂದವರು ಬಾಟ್. ಎರಡೇ ಸೆಕೆಂಡಿನಲ್ಲಿ ಇಡೀ ಫಾರ್ಮ್ ತುಂಬಿದವರೂ ಹೆಚ್ಚುಕಡಿಮೆ ಬಾಟೇ. ಸ್ಕ್ರೀನ್ ರೀಡರ್ ಬಳಸುವವರಿಗೂ ಆ ಬಾಕ್ಸ್ ಓದಿ ಹೇಳದಂತೆ ಮರೆಮಾಡುವುದು ಮುಖ್ಯ. ಇಷ್ಟಕ್ಕೆ ನಿಲ್ಲದಿದ್ದರೆ ಕ್ಲೌಡ್‌ಫ್ಲೇರ್‌ನ ಟರ್ನ್‌ಸ್ಟೈಲ್‌ನಂಥ, ಒಗಟು ಕೊಡದ ವ್ಯವಸ್ಥೆ ಹಾಕಿ.

ಗುರುತಿನ ಚೀಟಿ

‘ಆಧಾರ್ ಅಪ್‌ಲೋಡ್ ಮಾಡಿಸಿಬಿಡೋಣ’ ಎನ್ನುವವರಿಗೆ ನನ್ನ ಉತ್ತರ ಬೇಡ ಎಂದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಕೊಟ್ಟ ತೀರ್ಪು, ಖಾಸಗಿಯವರು ಆಧಾರ್ ಕೇಳಲು ದಾರಿ ಮಾಡಿಕೊಟ್ಟಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವನ್ನು ತೆಗೆದುಹಾಕಿತು. ಆಮೇಲೆ ಕಾಯ್ದೆಗೆ ತಿದ್ದುಪಡಿ ಬಂದು ಜನ ತಾವಾಗಿ ಒಪ್ಪಿದರೆ ತೋರಿಸಲು ಅವಕಾಶವಾಗಿದೆ. ಅದೇನೇ ಇರಲಿ, ನಿಮ್ಮ ಸರ್ವರಿನಲ್ಲಿ ಸಾವಿರಾರು ಗುರುತಿನ ಚೀಟಿಗಳ ಫೋಟೋ ಇದೆ ಅಂದರೆ ಕಳ್ಳರನ್ನು ನೀವೇ ಕರೆದ ಹಾಗೆ. ಇಟ್ಟುಕೊಳ್ಳದೇ ಇದ್ದದ್ದು ಸೋರುವುದಿಲ್ಲ.

ಹೆಸರಿನ ಬಾಕ್ಸ್

ನಮ್ಮವರು ಹೆಚ್ಚು ಎಡವುವುದು ಇಲ್ಲಿ, ಹಾಗಾಗಿ ಬಿಡದೆ ಹೇಳುತ್ತೇನೆ. ‘ಲಾಸ್ಟ್ ನೇಮ್ ಕಡ್ಡಾಯ, ಕನಿಷ್ಠ 2 ಅಕ್ಷರ’ ಎನ್ನುವ ಫಾರ್ಮ್ ಎದುರು ಇನಿಷಿಯಲ್ ಇಟ್ಟುಕೊಂಡ ಕನ್ನಡಿಗರು ಏನು ಮಾಡಬೇಕು? ಒಬ್ಬರು ‘ಕೆಕೆ’ ಎನ್ನುತ್ತಾರೆ, ಇನ್ನೊಬ್ಬರು ಊರಿನ ಹೆಸರು ಹಾಕುತ್ತಾರೆ, ಮತ್ತೊಬ್ಬರು ತಮ್ಮ ಹೆಸರನ್ನೇ ಎರಡು ಸಲ. ಸುಳ್ಳು ತಡೆಯಲು ಹಾಕಿದ ನಿಯಮ ಪ್ರಾಮಾಣಿಕರಿಂದಲೇ ಸುಳ್ಳು ಹೇಳಿಸಿತು. ‘ಪೂರ್ಣ ಹೆಸರು’ ಎಂಬ ಒಂದೇ ಬಾಕ್ಸ್ ಇಡಿ. ಚುಕ್ಕಿ, ಖಾಲಿ ಜಾಗ, ಒಂಟಿ ಅಕ್ಷರ ಎಲ್ಲ ಒಪ್ಪಲಿ. ಕನ್ನಡ ಲಿಪಿಯನ್ನೂ ಒಪ್ಪಲೇಬೇಕು. ಕನ್ನಡದ ಸೈಟಿನಲ್ಲೇ ಕನ್ನಡದಲ್ಲಿ ಹೆಸರು ಬರೆದರೆ ‘ಅಮಾನ್ಯ ಅಕ್ಷರ’ ಎಂದು ಕೆಂಪು ಸಾಲು ಬರುವುದು ಎಷ್ಟು ಬೇಸರದ ಸಂಗತಿ ಅಲ್ವಾ?

ಯಾರಿಗೆ ಯಾವುದು

ಪುಸ್ತಕ, ಉಪ್ಪಿನಕಾಯಿ, ಸೀರೆ ಮಾರುವವರು ಖಾತೆಯನ್ನೇ ಕಡ್ಡಾಯ ಮಾಡಬೇಡಿ. ಅತಿಥಿಯಾಗಿ ಬಂದು ಕೊಳ್ಳಲಿ. ವಿಳಾಸ, ನಂಬರ್ ಹೇಗೂ ಕೊಡುತ್ತಾರೆ. ಕ್ಯಾಶ್ ಆನ್ ಡೆಲಿವರಿ ಆರಿಸಿದಾಗ ಮಾತ್ರ ಓಟಿಪಿ ಕೇಳಿ.

ಬರಹ, ಚರ್ಚೆ, ಪಾಠಗಳ ತಾಣಕ್ಕೆ ಇಮೇಲ್ ಅಂಕಿ ಮತ್ತು ಗೂಗಲ್ ಬಟನ್ ಎರಡೂ ಇರಲಿ. ಹೊಸಬರ ಮೊದಲ ಕೆಲವು ಬರಹಗಳನ್ನು ಯಾರಾದರೂ ಓದಿ ಬಿಡಲಿ, ಲಿಂಕ್ ಹಾಕಲು ಮೊದಲ ದಿನವೇ ಬಿಡಬೇಡಿ. ಸ್ಪ್ಯಾಮ್ ಹಾಕುವವರು ಬರುವುದೇ ಲಿಂಕಿಗಾಗಿ.

ರೈತರ ಉತ್ಪನ್ನ, ಬಾಡಿಗೆ ಯಂತ್ರ, ಕೂಲಿ ಕೆಲಸ ಹುಡುಕುವ ತಾಣಗಳಿಗೆ ಫೋನ್ ನಂಬರೇ ಸರಿ. ಓಟಿಪಿ ಹತ್ತು ನಿಮಿಷ ಬದುಕಿರಲಿ, ಬರದಿದ್ದರೆ ಅಂಕಿಯನ್ನು ಕರೆ ಮಾಡಿ ಕನ್ನಡದಲ್ಲಿ ಹೇಳುವ ವ್ಯವಸ್ಥೆಯೂ ಇರಲಿ. ಸಿಗ್ನಲ್ ಇಲ್ಲದವರಿಗೆ ವಾಟ್ಸ್‌ಆ್ಯಪ್ ಮೂಲಕ ಓಟಿಪಿ ಕಳಿಸುವ ದಾರಿಯೂ ಇದೆ, ಅದಕ್ಕೆ ವೈಫೈ ಸಾಕು.

ವಧೂವರರ ತಾಣದಲ್ಲಿ ಸುಲಭಕ್ಕಿಂತ ಪರಿಶೀಲನೆಯೇ ಮೇಲಿರಬೇಕು, ಇದರಲ್ಲಿ ರಾಜಿ ಬೇಡ. ಓಟಿಪಿ ಬೇಕು, ಇಮೇಲ್ ಬೇಕು. ಫೋಟೋ ಮತ್ತು ನಂಬರ್ ತೋರಿಸುವ ಮೊದಲು ಒಬ್ಬ ಮನುಷ್ಯ ಕರೆ ಮಾಡಿ ಮಾತಾಡಬೇಕು. ದಾಖಲೆ ನೋಡಿದ್ದರೆ ‘ನೋಡಿದ್ದೇವೆ’ ಎಂದು ಬರೆದುಕೊಂಡು ಪ್ರತಿಯನ್ನು ಅಳಿಸಿ. ಇಂಥ ತಾಣದಲ್ಲಿ ‘ಈ ಇಮೇಲ್ ಈಗಾಗಲೇ ನೋಂದಾಯಿತ’ ಎಂದು ಪರದೆ ಮೇಲೆ ಹೇಳಲೂಬಾರದು. ಪಕ್ಕದ ಮನೆಯವರ ಇಮೇಲ್ ಹಾಕಿ ಅವರು ಇಲ್ಲಿದ್ದಾರಾ ಎಂದು ಯಾರು ಬೇಕಾದರೂ ನೋಡಬಹುದಲ್ಲ. ‘ಆ ವಿಳಾಸಕ್ಕೆ ಮೇಲ್ ಕಳಿಸಿದ್ದೇವೆ’ ಎಂದಷ್ಟೇ ಹೇಳಿ, ಉಳಿದದ್ದನ್ನು ಮೇಲ್‌ನಲ್ಲಿ ತಿಳಿಸಿ.

ಮಕ್ಕಳು ಬಳಸುವ ಕಲಿಕೆಯ ತಾಣವಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಓದಿಕೊಳ್ಳಿ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಪಡೆಯಲು ಪೋಷಕರ ಖಚಿತ ಒಪ್ಪಿಗೆ ಬೇಕು. ಖಾತೆ ಅಪ್ಪ ಅಮ್ಮನ ಹೆಸರಿನಲ್ಲಿದ್ದು, ಮಗುವಿಗೆ ಅಡ್ಡಹೆಸರಿನ ಪುಟ ಮಾತ್ರ ಇದ್ದರೆ ಎಲ್ಲರಿಗೂ ನೆಮ್ಮದಿ.

ಹಳೆ ವಿದ್ಯಾರ್ಥಿಗಳ ಸಂಘ, ಊರಿನ ಬಳಗ, ಹೊರದೇಶದ ಕನ್ನಡ ಕೂಟಗಳಿಗೆ ಮೇಲಿನ ಯಾವುದೂ ಪೂರ್ತಿ ಹೊಂದುವುದಿಲ್ಲ. ‘ಇವರು ನಮ್ಮ ಶಾಲೆಯವರೇ’ ಎಂದು ಗೂಗಲ್ಲಿಗೂ ಗೊತ್ತಿಲ್ಲ, ಟೆಲಿಕಾಂ ಕಂಪನಿಗೂ ಗೊತ್ತಿಲ್ಲ. ಗೊತ್ತಿರುವುದು ಜೊತೆಗೆ ಓದಿದವರಿಗೆ. ಇಮೇಲ್ ಅಂಕಿಯಿಂದ ಒಳಗೆ ಬಿಡಿ, ಯಾವ ವರ್ಷ ಹತ್ತನೇ ತರಗತಿ ಮುಗಿಸಿದರು ಎಂದು ಕೇಳಿ, ಆ ಬ್ಯಾಚಿನ ಇಬ್ಬರು ಸದಸ್ಯರಿಗೆ ‘ಇವರು ಗೊತ್ತಾ?’ ಎಂದು ಒಂದು ಸಂದೇಶ ಹೋಗಲಿ. ಇಬ್ಬರೂ ಹೌದು ಎಂದ ಮೇಲೆ ಸದಸ್ಯರ ಪಟ್ಟಿ ತೆರೆದುಕೊಳ್ಳಲಿ. ಅಲ್ಲಿಯವರೆಗೆ ಕಾರ್ಯಕ್ರಮಗಳ ಪುಟ, ಹಳೆಯ ಫೋಟೋಗಳು ಕಾಣುತ್ತಿರಲಿ.